ಒಂದು ಪೇಪರ್ ಬಾಕಿ ಇರುವ ಅಕ್ಕ

ಶನಿವಾರ, ಅಕ್ಟೋಬರ್ ಹತ್ತು. ಬೆಳಿಗ್ಗೆ ಏಳೂ ಕಾಲಿಗೆ ಬರೆಯಲು ಕೂತಿದ್ದೇನೆ. ಇವತ್ತು ಮಹಾಲಯ ಅಮಾವಾಸ್ಯೆ. ನಾನು ಕೆಲಸ ಮಾಡುವ ಮಂಡ್ಯದ ಬೈಕ್ ಶೋರೂಮಿಗೆ ರಜೆ, ಏಕೆಂದರೆ ಅಮಾವಾಸ್ಯೆಯ ದಿನ ನಮ್ಮ ಕಡೆ ಯಾರೂ ಹೊಸ ಗಾಡಿ ಮನೆಗೆ ತರುವುದಿಲ್ಲ. ನಮ್ಮ ಮನೆ ಮಳವಳ್ಳಿಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿದೆ. ಮಾದಪ್ಪನ ಬೆಟ್ಟಕ್ಕೆ ಹೋಗುವ ಬಸ್ಸುಗಳು ಆಗಲೇ ಬಾಗಿಲಲ್ಲಿ ಜನರನ್ನು ತೂಗಾಡಿಸಿಕೊಂಡು ಹೊರಟಿವೆ. ಕಂಡಕ್ಟರ್ ಕೂಗುವುದು ಇಲ್ಲಿಗೇ ಕೇಳುತ್ತದೆ. "ಒಳೀಕೆ ಓಗ್ರಮ್ಮ, ಮಾದಪ್ಪ ಎಲ್ಲೂ ಓಡೋಗಕ್ಕಿಲ್ಲ!"

ಈ ಗಲಾಟೆ ಕೇಳಿದಾಗಲೆಲ್ಲ ನನಗೆ ಒಬ್ಬರ ನೆನಪಾಗುತ್ತದೆ, ಆಮೇಲೆ ಕೂತಲ್ಲಿ ಕೂರಲಾಗುವುದಿಲ್ಲ. ಅವರು ಮೂರು ವರ್ಷ ಇಲ್ಲಿನ ಕಾಲೇಜಿನಲ್ಲಿ ನನ್ನ ಜೊತೆ ಬಿಬಿಎ ಓದಿದರು. ನನಗಿಂತ ಹದಿನಾಲ್ಕು ವರ್ಷ ದೊಡ್ಡವರು. ಐದನೇ ಸೆಮಿಸ್ಟರಿನ ಒಂದು ಪೇಪರ್ ಬಿಟ್ಟು ಉಳಿದದ್ದೆಲ್ಲ ಪಾಸು ಮಾಡಿದ್ದಾರೆ. ಆ ಪೇಪರನ್ನು ಮತ್ತೆ ಬರೆಯುವವರು ಅರ್ಜಿ ಹಾಕಲು ಈ ತಿಂಗಳ ಮೂವತ್ತು ಕೊನೆಯ ದಿನ. ಅವರು ಈಗ ಎಲ್ಲಿದ್ದಾರೆಂದು ನನಗೆ ಗೊತ್ತಿಲ್ಲ.

ಹೆಸರು ಬರೆಯುವುದಿಲ್ಲ. ಅದಕ್ಕೆ ಕಾರಣ ಮುಂದೆ ಬರುತ್ತದೆ. ಕಾಲೇಜಿನಲ್ಲಿ ನಾವೆಲ್ಲ ಅಕ್ಕ ಅನ್ನುತ್ತಿದ್ದೆವು, ಇಲ್ಲೂ ಹಾಗೆಯೇ ಇರಲಿ.

ಮೊದಲು ನೋಡಿದ್ದು ಪ್ರವೇಶಾತಿಯ ದಿನ, ಕಾಲೇಜು ಕಚೇರಿಯ ಕಿಟಕಿಯ ಮುಂದೆ. ಸಾಲಿನಲ್ಲಿ ನಾನು ಅವರ ಹಿಂದೆ ನಿಂತಿದ್ದೆ. ಗುಮಾಸ್ತರು ತಲೆಯೆತ್ತದೆ ಕೇಳಿದರು.

"ಹುಡುಗಿ ಎಲ್ಲಿದ್ದಾಳಮ್ಮ?"

"ನಾನೇ ಉಡ್ಗಿ ಸಾರ್."

ಗುಮಾಸ್ತರು ಕನ್ನಡಕ ಏರಿಸಿ ನೋಡಿದರು. ಸೀರೆಯ ಸೆರಗನ್ನು ಸೊಂಟಕ್ಕೆ ಎರಡು ಸುತ್ತು ಸಿಕ್ಕಿಸಿಕೊಂಡ, ಬಲಗೈಯಲ್ಲಿ ಲ್ಯಾಮಿನೇಟ್ ಮಾಡಿಸಿದ ಹಳೆಯ ಪಿಯುಸಿ ಅಂಕಪಟ್ಟಿಯನ್ನು ಬೀಸಣಿಗೆಯ ಹಾಗೆ ಆಡಿಸುತ್ತಿದ್ದ ಹೆಂಗಸು.

"ತಾಯಿ, ಓದೋ ಹುಡುಗಿ ಬರಬೇಕು. ಅವಳೇ ಸಹಿ ಹಾಕಬೇಕು."

"ಕೊಡಿ, ಆಕ್ತೀನಿ. ಕೈ ನಡುಗೋ ವಯಸ್ಸೇನ್ ಆಗಿಲ್ಲ ನಂಗೆ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಅವರೂ ನಕ್ಕರು, ಆದರೆ ಸಹಿ ಹಾಕಿಯೇ ನಕ್ಕರು.

ಇಷ್ಟು ವರ್ಷದ ಮೇಲೆ ಯಾಕೆ ಓದಲು ಬಂದಿರಿ ಅಂತ ಮೊದಲ ವಾರದಲ್ಲೇ ಕೇಳಿದೆ. "ಬಸ್ಸು ಎಂಗುಸ್ರಿಗೆ ಪುಕ್ಸಟ್ಟೆ ಆಯ್ತಲ್ಲ ಕಣಮ್ಮಿ" ಅಂದರು. ಬಸ್ಸು ಉಚಿತವಾದ ಮೊದಲ ತಿಂಗಳು ಅವರು ಬೀದಿಯ ಹೆಂಗಸರ ಜೊತೆ ಸಿಕ್ಕಿದ ದೇವರನ್ನೆಲ್ಲ ನೋಡಿ ಬಂದರಂತೆ. ನೋಡುವ ದೇವರೆಲ್ಲ ಮುಗಿದ ಮೇಲೂ ಬೆಳಿಗ್ಗೆ ಎದ್ದ ಕೂಡಲೇ ಕಾಲು ಬಸ್ಸಿನ ಕಡೆಗೇ ಎಳೆಯುತ್ತಿತ್ತು. ಅದನ್ನು ನೋಡಿದ ಅವರ ಅತ್ತೆ, "ದಿನಾ ಎಲ್ಲೀಗಾದ್ರೂ ಓಗ್ಲೇಬೇಕು ಅನ್ನಂಗಿದ್ರೆ ಕಾಲೇಜ್ಗೇ ಓಗು. ಬಸ್ಸಾದ್ರೂ ಒಂದ್ ಕಡೆ ನಿಂತದೆ" ಅಂದರಂತೆ. ಅತ್ತೆ ತಮಾಷೆಗೆ ಅಂದದ್ದು. ಇವರು ಪೆಟ್ಟಿಗೆ ತೆಗೆದು ಅಂಕಪಟ್ಟಿ ಹುಡುಕಿದರು.

ಅವರ ಮನೆ ಕೊಳ್ಳೇಗಾಲದ ದಾರಿಯ ಬ್ಲಫ್ ಎಂಬ ಊರಿನಲ್ಲಿ. ಗಂಡ ಅಲ್ಲಿನ ವಿದ್ಯುತ್ ಕೇಂದ್ರದ ಸಿಬ್ಬಂದಿಯನ್ನು ಕರೆದೊಯ್ಯುವ ಜೀಪಿನ ಡ್ರೈವರ್. ಕಾಯಂ ಕೆಲಸವಲ್ಲ, ಗುತ್ತಿಗೆದಾರನ ಕಡೆಯಿಂದ. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಗಂಡ, ಅತ್ತೆ, ಇವರು. ಮಕ್ಕಳಿಲ್ಲ. ಆ ಮಾತನ್ನು ಅವರು ಎತ್ತಿದ್ದು ಒಂದೇ ಸಲ. ತವರು ಶಿವಪುರದ ಪಕ್ಕದ ಹಳ್ಳಿ. ಕಾಲೇಜಿಗೆ ಸೇರಿದ ವಿಷಯ ಅಲ್ಲಿ ಯಾರಿಗೂ ಹೇಳಿಲ್ಲ ಅಂದರು. "ಮಕ್ಳಿಲ್ದೋಳು ಪುಸ್ತಕ ಎತ್ಕಂಡ್ಳು ಅಂತಾರೆ. ಆ ಮಾತ್ ಕೇಳ್ಸ್ಕಳಕ್ಕೆ ನಾನ್ಯಾಕೆ ಅವಕಾಸ ಕೊಡ್ಲಿ? ಪಾಸಾದ್ಮೇಲೆ ಏಳಿದ್ರಾಯ್ತು ಬುಡು."

ತರಗತಿಯಲ್ಲಿ ಬಾಗಿಲ ಪಕ್ಕದ ಬೆಂಚಿನ ತುದಿ ಅವರ ಜಾಗ, ಅದರ ಪಕ್ಕ ನನ್ನದು. ಅವರ ಬಲಗಾಲು ಒಂದು ಗಳಿಗೆಯೂ ನಿಲ್ಲುತ್ತಿರಲಿಲ್ಲ. ಬೆಂಚೇ ಅಲ್ಲಾಡುತ್ತಿತ್ತು. ಮೊದಲ ವರ್ಷದ ನನ್ನ ನೋಟ್ಸ್ ತೆಗೆದು ನೋಡಿದರೆ ಅಕ್ಷರಗಳೆಲ್ಲ ಅಲೆ ಅಲೆಯಾಗಿವೆ. ಅವರು ಗೈರಾಗಿದ್ದ ದಿನಗಳನ್ನು ಆ ನೋಟ್ಸ್‌ನಲ್ಲಿ ಗುರುತಿಸಬಹುದು. ಆ ಪುಟಗಳ ಸಾಲು ಮಾತ್ರ ನೇರವಾಗಿದೆ. ಅಂಥವು ಕಡಿಮೆ. ಒಂದು ದಿನ ಮೇಷ್ಟ್ರು ಪಾಠ ನಿಲ್ಲಿಸಿ, "ಅಮ್ಮ, ಸ್ವಲ್ಪ ಕೂತ್ಕೊಳ್ಳಿ" ಅಂದರು. ಇವರು ಎದ್ದು ಗೋಡೆಗೆ ಒರಗಿ ಬರೆದುಕೊಳ್ಳುತ್ತಿದ್ದರು.

"ಕುಂತ್ರೆ ನಿದ್ದೆ ಬತ್ತದೆ ಸಾರ್. ನಿಂತ್ಕಂಡ್ರೆ ಪಾಠ ಒಳೀಕೆ ಓಯ್ತದೆ."

ಮೇಷ್ಟ್ರು ಒಂದು ಕ್ಷಣ ಯೋಚಿಸಿ, "ಹಾಗಾದರೆ ಎಲ್ಲರೂ ನಿಂತ್ಕೊಳ್ಳಿ" ಅಂದರು. ಆವತ್ತು ಇಡೀ ತರಗತಿ ಅವರನ್ನು ಬೈದುಕೊಂಡಿತು.

ನಾವೆಲ್ಲ ಪರೀಕ್ಷೆಗೆ ಓದುತ್ತಿದ್ದೆವು. ಅವರು ಸಂಜೆಗೆ ಓದುತ್ತಿದ್ದರು. ಬೆಳಿಗ್ಗೆ ಏನು ಪಾಠವಾಯಿತೋ ಅದನ್ನು ಆವತ್ತೇ ಬಸ್ಸಿನಲ್ಲಿ ಹೊತ್ತುಕೊಂಡು ಹೋಗಿ ಮನೆಯಲ್ಲಿ ಮಾಡಿ ನೋಡಬೇಕು, ಮಾರನೇ ದಿನ ಬಂದು ಫಲಿತಾಂಶ ಹೇಳಬೇಕು. ನನಗೆ ಏನೇ ಕಂಡರೂ ತಾರೀಖು ಹಾಕಿ ಬರೆದಿಡುವ ಅಭ್ಯಾಸ ಎಂಟನೇ ತರಗತಿಯಿಂದ ಇದೆ. ಅವರ ಪ್ರಯೋಗಗಳನ್ನೂ ಬರೆದಿಟ್ಟೆ. ಗೆದ್ದವು ಆರು, ಸೋತವು ಎಂಟು. ಈ ಲೆಕ್ಕದ ಬಗ್ಗೆ ನಮ್ಮಿಬ್ಬರಿಗೆ ಯಾವತ್ತೂ ಒಮ್ಮತ ಇರಲಿಲ್ಲ.

ಮೊದಲನೆಯದು ಶ್ರಮ ವಿಭಜನೆ.

"ನೆನ್ನೆ ಮಾಡೇಬುಟ್ಟೆ ಕಣಮ್ಮಿ. ನಿಮ್ ಭಾವ ಇಟ್ಟು ತೊಳ್ಸೋದು, ನಾನು ಮುದ್ದೆ ಕಟ್ಟೋದು, ಅತ್ತೆ ತಟ್ಟೆಗಿಕ್ಕೋದು."

"ಏನಾಯ್ತಕ್ಕ?"

"ಅವ್ರು ತೊಳ್ಸಿದ್ ಗಂಟ್ನ ನಾನ್ ಕಟ್ದೆ. ನಾನ್ ಕಟ್ಟಿದ್ ಗಂಟ್ನ ಅತ್ತೆ ಇಕ್ಕುದ್ರು. ಗಂಟು ಯಾರ್ದು ಅಂತ ಒಂಬತ್ ಗಂಟೆಗಂಟ ಜಗ್ಳ."

"ಹಾಗಾದ್ರೆ ಫೇಲು."

"ಊಟದ್ ಲೆಕ್ಕದಲ್ಲಿ ಫೇಲು. ನಾನೊಬ್ಳೇ ಬೈಸ್ಕಳೋದು ತಪ್ತಲ್ಲ, ಆ ಲೆಕ್ಕದಲ್ಲಿ ಪಾಸು. ನೋಡು, ಏನ್ ಬರ್ಕತೀಯೋ ಬರ್ಕ."

ನಾನು ಸೋತದ್ದರ ಕಡೆ ಹಾಕಿದೆ.

ಮನುಷ್ಯನ ಅಗತ್ಯಗಳು ಮೆಟ್ಟಿಲು ಮೆಟ್ಟಿಲಾಗಿರುತ್ತವೆ, ಕೆಳಗಿನದು ಈಡೇರಿದ ಮೇಲೆ ಮೇಲಿನದನ್ನು ಬಯಸುತ್ತಾನೆ ಎಂಬ ಪಾಠ ಆದ ದಿನ ಸಂಜೆ ನಾನೂ ಅವರ ಬಸ್ಸಿನಲ್ಲಿದ್ದೆ, ದೊಡ್ಡಮ್ಮನ ಊರಿಗೆ ಹೋಗುತ್ತಿದ್ದೆ. ಅಕ್ಕ ಟಿಕೆಟ್ ಹರಿಯುತ್ತಿದ್ದ ಕಂಡಕ್ಟರನ್ನು ಹಿಡಿದುಕೊಂಡರು. ಊಟ ಆಯಿತಾ, ಕೆಲಸ ಕಾಯಂ ಆಯಿತಾ, ಮನೆಯಲ್ಲಿ ಮರ್ಯಾದೆ ಇದೆಯಾ ಅಂತ ಒಂದೊಂದಾಗಿ ಕೇಳಿ, ಕೊನೆಗೆ, "ಅಂಗಾದ್ರೆ ನೀವು ಯಾವ ಮೆಟ್ಲಲ್ಲಿದ್ದೀರಿ ಅಣ್ಣ?" ಅಂದರು.

"ಬಾಗ್ಲು ಮೆಟ್ಲಲ್ಲಿದ್ದೀನಿ ಕಣಮ್ಮ. ನೀವು ಒಳೀಕೆ ಓದ್ರೆ ಮೇಲಿನ್ ಮೆಟ್ಲು ಅತ್ತೀನಿ."

ಬಸ್ಸೆಲ್ಲ ನಕ್ಕಿತು. ಅಕ್ಕ ನನ್ನ ಕಡೆ ತಿರುಗಿ, "ಇದು ಗೆದ್ದಿದ್ದು. ಬರ್ಕ" ಅಂದರು. ಯಾವ ಲೆಕ್ಕದಲ್ಲಿ ಗೆದ್ದದ್ದು ಅಂತ ಇವತ್ತಿಗೂ ಗೊತ್ತಿಲ್ಲ. ಬರೆದುಕೊಂಡೆ.

ಈಗ ಹೇಳುವುದು ಮುಖ್ಯ, ಏಕೆಂದರೆ ಅದೇ ಮುಂದೆ ನನಗೆ ಅವರ ಜಾಡು ಹಿಡಿಸಿದ್ದು. ಸಂಸ್ಥೆಯಲ್ಲಿ ಯಾರ ಕೆಳಗೆ ಯಾರು ಎಂಬ ಪಾಠ ಆಯಿತು. ಮೇಲೆ ಮುಖ್ಯಸ್ಥರ ಚೌಕ, ಅದರ ಕೆಳಗೆ ಗೆರೆ, ಗೆರೆಯ ಕೆಳಗೆ ಉಳಿದವರ ಚೌಕಗಳು. ಅಕ್ಕ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಮನೆಯ ನಕ್ಷೆ ಬರೆದು ಅಡುಗೆ ಮನೆಯ ಗೋಡೆಗೆ ಅಂಟಿಸಿದರು. ಎಲ್ಲಕ್ಕಿಂತ ಮೇಲೆ ಅತ್ತೆಯ ಚೌಕ. ಓದು ಬಾರದ ಅತ್ತೆಗೆ ಓದಿ ಹೇಳಿದರು. ಅತ್ತೆ ಖುಷಿಪಡುತ್ತಾರೆ ಅಂತ ಇವರ ಅಂದಾಜು.

"ಮ್ಯಾಗ್ಳ ಡಬ್ಬೀಲಿರೋರು ಏನ್ ಮಾಡ್ಬೇಕು?" ಅತ್ತೆ ಕೇಳಿದರಂತೆ.

"ನೀವೇನೂ ಮಾಡಂಗಿಲ್ಲ ಅತ್ತೆ. ಇಂಗಿಂಗ್ ಮಾಡಿ ಅಂತ ಏಳ್ಬೇಕು ಅಷ್ಟೆ."

"ಏನೂ ಮಾಡ್ದೆ ಕುಂತ್ಕಂಡ್ರೆ ಬಿರ್‌ಬಿರ್ನೆ ಸಾಯ್ತಳೆ ಮುದ್ಕಿ ಅಂತ್ಲೇನೇ? ಇಳ್ಸು ನನ್ನ. ಯಾರು ಸುಮ್ನೆ ಕುಂತವ್ರೋ ಅವ್ರ್ನ ಕೆಳೀಕೆ ಆಕು. ಗೇಯೋರು ಮ್ಯಾಕಿರ್ಲಿ."

ಅಕ್ಕ ಆ ಹಾಳೆಯನ್ನು ಕಿತ್ತು ತಲೆಕೆಳಗಾಗಿ ಮತ್ತೆ ಬರೆದರು. ಅನ್ನ ಸಾರು ಮಾಡುವ ಇಬ್ಬರು ಹೆಂಗಸರು ಮೇಲೆ. ಸಂಬಳ ತರುವ, ಮನೆಗೆ ಬಂದ ಮೇಲೆ ಟಿವಿ ಮುಂದೆ ಕೂರುವ ಗಂಡ ಕೆಳಗೆ, ಸಣ್ಣ ಚೌಕದಲ್ಲಿ. ಗಂಡ ಅದನ್ನು ನೋಡಿ, "ನನ್ ಡಬ್ಬಿ ಇಷ್ಟ್ ಚಿಕ್ದ್ಯಾಕೆ?" ಅಂತ ಮಾತ್ರ ಕೇಳಿದರಂತೆ. ಅಲ್ಲಿಂದ ಮುಂದೆ ಅಕ್ಕ ಎಲ್ಲಿ ಆ ನಕ್ಷೆ ಬರೆದರೂ ತಲೆಕೆಳಗಾಗಿಯೇ ಬರೆದರು. ಪರೀಕ್ಷೆಯಲ್ಲೂ ಹಾಗೆ ಬರೆದು ಅಂಕ ಕಳೆದುಕೊಂಡರು. ಮೇಷ್ಟ್ರು ಕರೆದು ತಪ್ಪು ತೋರಿಸಿದರೆ, "ಪುಸ್ತಕದಲ್ಲಿ ಅಂಗದೆ ಸಾರ್. ನಮ್ಮನೇಲಿ ಇಂಗದೆ" ಅಂದರು. ಅದು ಹಟ. ಅವರಿಗೆ ಸರಿ ಉತ್ತರ ಗೊತ್ತಿತ್ತು.

ಈ ಕಥೆಯನ್ನು ನಾನು ಎರಡನೇ ವರ್ಷದಲ್ಲಿ ಕಾಲೇಜಿನ ಗೋಡೆಪತ್ರಿಕೆಗೆ ಬರೆದೆ. ಅಂಟಿಸುವ ಮೊದಲು ಅವರಿಗೆ ಓದಿ ಹೇಳಿದೆ. ತಮ್ಮ ಹೆಸರು ಬಂದ ಕಡೆ ನನ್ನ ಕೈ ಹಿಡಿದು ನಿಲ್ಲಿಸಿದರು.

"ಎಸ್ರು ತಗಿ."

"ಯಾಕಕ್ಕ? ಕೆಟ್ಟದ್ದೇನೂ ಬರೆದಿಲ್ಲ."

"ಡಿಗ್ರಿ ಆಗೋಗಂಟ ಎಲ್ಲೂ ನನ್ ಎಸ್ರು ಬರೀಬ್ಯಾಡ. ಆದ್ಮೇಲೆ ಬರೀ. ಬರ್ದ್ರೆ ಎಸ್ರಿನ್ ಮುಂದೆ ಬಿಬಿಎ ಅಂತ ಸೇರ್ಸೇ ಬರೀಬೇಕು, ಬರೀ ಎಸ್ರು ಬರೀಬಾರ್ದು. ಮಾತು ಕೊಡು."

ಕೊಟ್ಟೆ. ಅದಕ್ಕೇ ಇಲ್ಲೂ ಹೆಸರಿಲ್ಲ.

ಅವರು ನನಗೇನು ಮಾಡಿದರು ಎಂಬುದನ್ನೂ ಹೇಳಬೇಕು. ನಾಲ್ಕನೇ ಸೆಮಿಸ್ಟರ್ ಮುಗಿದ ರಜೆಯಲ್ಲಿ ಮದ್ದೂರಿನಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದರು. ಅಮ್ಮನ ಸಹಾಯಕ್ಕೆಂದು ಅಕ್ಕನನ್ನೂ ಕರೆದಿದ್ದೆ. ಉಪ್ಪಿಟ್ಟು ಹಂಚಿ ಸುಮ್ಮನೆ ನಿಲ್ಲುತ್ತಾರೆ ಅಂದುಕೊಂಡಿದ್ದೆ. ಹಂಚುವುದು ಮುಗಿದ ಮೇಲೆ ಖಾಲಿ ತಟ್ಟೆ ಕೈಯಲ್ಲಿ ಹಿಡಿದೇ ಹುಡುಗನ ತಾಯಿಯ ಎದುರು ಹೋಗಿ ನಿಂತರು.

"ಮದ್ವೆ ಯಾವಾಗ್ ಅಂತ ಇಟ್ಕಂಡಿದ್ದೀರಿ?"

"ಸಂಕ್ರಾಂತಿ ಕಳೀಲಿ, ಮಾಡ್ಕಬುಡವ."

"ಅಂಗಾದ್ರೆ ಆರ್ನೇ ಸೆಮಿಸ್ಟರು ಯಾರ್ ಬರೀತಾರೆ?"

"ಅದ್ಕೇನಂತೆ, ನಮ್ಮನೇಲೇ ಕುಂತು ಬರೀಲಿ. ನಾವೇನ್ ಬ್ಯಾಡ ಅಂತೀವಾ?"

"ಪರೀಕ್ಷೇನ ಮನೇಲಿಡಕ್ಕಿಲ್ಲ ಕಣಮ್ಮ. ಅದು ಸತ್ನಾರಾಯಣ ಪೂಜೆ ಅಲ್ಲ."

ಅಪ್ಪ ಕೆಮ್ಮಿದರು. ಹುಡುಗ ತಲೆ ತಗ್ಗಿಸಿ ನಕ್ಕ. ಹುಡುಗನ ತಾಯಿ ನಗಲಿಲ್ಲ. ಹೋಗುವಾಗ ನಮ್ಮ ಅಮ್ಮನ ಹತ್ತಿರ, "ಆಯಮ್ಮ ನಿಮ್ಗೇನಾಗ್ಬೇಕು?" ಅಂತ ಕೇಳಿದರು. ಅಮ್ಮ ತಡವರಿಸಿದಾಗ ಅಕ್ಕನೇ ಹೇಳಿದರು. "ಇವ್ಳ ಕ್ಲಾಸ್‌ಮೇಟು." ಆ ಕಡೆಯಿಂದ ಮತ್ತೆ ಮಾತು ಬರಲಿಲ್ಲ. ಒಂದು ವಾರ ಮನೆಯಲ್ಲಿ ಯಾರೂ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಈ ವರ್ಷ ನನ್ನ ಆರೂ ಸೆಮಿಸ್ಟರ್ ಮುಗಿದವು. ಮಾತು ಬಿಟ್ಟಿದ್ದ ಅಪ್ಪನೇ ಶೋರೂಮಿನವರಿಗೆ ನನ್ನ ಅಂಕಪಟ್ಟಿ ತೋರಿಸಿದರು.

ಐದನೇ ಸೆಮಿಸ್ಟರಿನಲ್ಲಿ ಉತ್ಪಾದನಾ ನಿರ್ವಹಣೆ ಎಂಬ ವಿಷಯವಿತ್ತು. ಅದರಲ್ಲಿ ಜಸ್ಟ್ ಇನ್ ಟೈಮ್ ಎಂಬ ಪದ್ಧತಿ ಬರುತ್ತದೆ. ಸರಕನ್ನು ಮೊದಲೇ ತಂದು ಗುಡ್ಡೆ ಹಾಕಬಾರದು, ಬೇಕಾದ ಹೊತ್ತಿಗೆ ಸರಿಯಾಗಿ ಬಂದು ಮುಟ್ಟಬೇಕು, ಕಾಯುತ್ತ ಬಿದ್ದಿರುವುದೆಲ್ಲ ನಷ್ಟ. ಈ ಪಾಠ ಅಕ್ಕನಿಗಾಗಿಯೇ ಬರೆದ ಹಾಗಿತ್ತು. ಕಾಯುವುದೆಂದರೆ ಅವರಿಗೆ ಮೊದಲೇ ಆಗುತ್ತಿರಲಿಲ್ಲ, ಈಗ ಪುಸ್ತಕವೂ ಅವರ ಕಡೆಗೆ ನಿಂತಿತು. ಅಲ್ಲಿಯ ತನಕ ಅವರು ಬ್ಲಫ್‌ನಿಂದಲೇ ಹೊರಡುವ ಏಳು ಗಂಟೆಯ ಬಸ್ಸಿಗೆ ಬಂದು ಕಾಲೇಜಿನ ಕಟ್ಟೆಯಲ್ಲಿ ಚಡಪಡಿಸುತ್ತಿದ್ದರು. ಪಾಠವಾದ ಮಾರನೇ ದಿನದಿಂದ ಅದನ್ನು ಬಿಟ್ಟು ನಿಧಾನವಾಗಿ ಮುಖ್ಯ ರಸ್ತೆಗೆ ಬಂದು, ಕೊಳ್ಳೇಗಾಲದ ಕಡೆಯಿಂದ ಬರುವ ಎಂಟೂಮುಕ್ಕಾಲರ ಬಸ್ಸು ಹತ್ತತೊಡಗಿದರು. ಗಂಟೆ ಹೊಡೆಯುವುದಕ್ಕೂ ಅವರು ಬಾಗಿಲಲ್ಲಿ ಕಾಲಿಡುವುದಕ್ಕೂ ಸರಿಹೋಗುತ್ತಿತ್ತು.

"ನೋಡ್ದಾ? ಮುಂಚೇನೇ ಬಂದು ಕುಂತ್ಕಂಡಿರ್ತೀರಲ್ಲ, ನೀವೆಲ್ಲ ಗೋಡೌನಲ್ಲಿ ಕೊಳೀತಿರೋ ಮಾಲು ಕಣ್ರಮ್ಮಿ!"

ತಿಂಗಳುಗಟ್ಟಲೆ ಅದು ಕೆಟ್ಟಿರಲಿಲ್ಲ. ಗೆದ್ದದ್ದರ ಕಡೆ ಬರೆದುಕೊಂಡಿದ್ದೆ.

ಉತ್ಪಾದನಾ ನಿರ್ವಹಣೆಯ ಪರೀಕ್ಷೆ ಜನವರಿಯ ಒಂದು ಸೋಮವಾರ ಬಿತ್ತು. ಬೆಳಿಗ್ಗೆ ಒಂಬತ್ತೂವರೆಗೆ. ಹಿಂದಿನ ದಿನ ಭಾನುವಾರ ಅಮಾವಾಸ್ಯೆ. ಒಂಬತ್ತೂವರೆಯ ಗಂಟೆ ಹೊಡೆಯಿತು, ಅಕ್ಕನ ಜಾಗ ಖಾಲಿ. ಹತ್ತಾಯಿತು. ಹತ್ತರ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ. ನನ್ನ ಜಾಗ ಕಿಟಕಿಯ ಪಕ್ಕ. ಹತ್ತೂ ಇಪ್ಪತ್ತರ ಸುಮಾರಿಗೆ ಗೇಟಿನ ಹತ್ತಿರ ಅವರು ಓಡಿ ಬರುವುದು ಕಾಣಿಸಿತು. ಚಪ್ಪಲಿ ಕೈಯಲ್ಲಿತ್ತು. ಕಾವಲಿನವರು ಏನೋ ಹೇಳಿದರು. ಅಕ್ಕ ಜಗಳಕ್ಕೆ ನಿಲ್ಲುತ್ತಾರೆ, ಕೂಗಾಟ ಕೇಳುತ್ತದೆ ಅಂತ ಕಿವಿಗೊಟ್ಟು ಕೂತೆ. ಏನೂ ಕೇಳಲಿಲ್ಲ. ಅವರು ಹಿಂದಕ್ಕೆ ನಡೆದು ಗೇಟಿನ ಆಚೆಯ ಹೊಂಗೆ ಮರದ ಕೆಳಗಿನ ಕಲ್ಲಿನ ಮೇಲೆ ಕೂತರು. ನಾನು ಬರೆದು ಮುಗಿಸುವ ತನಕ ಹಾಗೇ ಕೂತಿದ್ದರು. ಕಾಲು ಅಲ್ಲಾಡಲಿಲ್ಲ. ಮೂರು ವರ್ಷದಲ್ಲಿ ಅವರು ಅಲುಗದೆ ಕೂತದ್ದನ್ನು ನಾನು ನೋಡಿದ್ದು ಆವತ್ತು ಮಾತ್ರ.

ಪರೀಕ್ಷೆ ಮುಗಿದ ಕೂಡಲೇ ಓಡಿ ಹೋದೆ. ಅವರೇ ಮಾತು ತೆಗೆದರು.

"ಅಮಾಸೆ ಲೆಕ್ಕಾನೂ ಇಟ್ಟಿದ್ದೆ ಕಣಮ್ಮಿ. ಜನ ಬೆಟ್ಟಕ್ಕೋಗೋದ್ನ ಲೆಕ್ಕ ಆಕ್ದೆ. ಅದು ನೆನ್ನೇಗೆ ಮುಗೀತು, ಬಸ್ಸು ಆ ಕಡೀಕೆ, ನಾನು ಈ ಕಡೀಕೆ, ನಂಗೇನು ಅಂದ್ಕಂಡೆ. ತಿರುಗ್ ಬತ್ತಾರಲ್ಲ, ಅದ್ನ ಲೆಕ್ಕ ಆಕ್ನಿಲ್ಲ."

ಅಮಾವಾಸ್ಯೆಯ ರಾತ್ರಿ ಬೆಟ್ಟದಲ್ಲಿ ತಂಗಿದ ಜನವೆಲ್ಲ ಮಾರನೇ ಬೆಳಿಗ್ಗೆ ಇಳಿಯುತ್ತದೆ. ಆ ಸೋಮವಾರ ಕೊಳ್ಳೇಗಾಲದ ಕಡೆಯಿಂದ ಬಂದ ಬಸ್ಸುಗಳೆಲ್ಲ ಮುಡಿ ಕೊಟ್ಟು ಗಂಧ ಮೆತ್ತಿಕೊಂಡ ಬೋಳು ತಲೆಗಳನ್ನು ತುಂಬಿಕೊಂಡು, ಕೈ ತೋರಿಸಿದರೂ ನಿಲ್ಲಿಸದೆ ಹೋದವಂತೆ. ನಾಲ್ಕು ಬಸ್ಸು ಹೋದವು. ಕೊನೆಗೆ ಟೊಮೆಟೊ ಹೇರಿದ ಟೆಂಪೋ ಹತ್ತಿ ಬಂದಿದ್ದರು.

ನನ್ನ ಕೈಯಲ್ಲಿದ್ದ ಪ್ರಶ್ನೆಪತ್ರಿಕೆ ತೆಗೆದುಕೊಂಡು ಮೇಲಿನಿಂದ ಕೆಳಗೆ ಓದಿದರು. ಒಂದು ಕಡೆ ಬೆರಳು ನಿಲ್ಲಿಸಿ ಜೋರಾಗಿ ನಕ್ಕರು. ಜಸ್ಟ್ ಇನ್ ಟೈಮ್ ಪದ್ಧತಿಯ ಅನುಕೂಲ ಮತ್ತು ಅನಾನುಕೂಲಗಳನ್ನು ವಿವರಿಸಿ, ಅಂತ ಇತ್ತು.

"ಅನಾನುಕೂಲ ನಂಗೆ ಪುಟಗಟ್ಲೆ ಬರೀಬೋದಿತ್ತು" ಅಂದರು. ನಗು ನಿಂತ ಮೇಲೆ ಮುಖ ಒರೆಸಿಕೊಂಡರು. ಬೆವರು ಮಾತ್ರ ಒರೆಸಿಕೊಂಡರು ಅಂತ ನಾನು ಹೇಳಲಾರೆ.

ಉಳಿದ ಪೇಪರುಗಳಿಗೆಲ್ಲ ಅವರು ಏಳರ ಬಸ್ಸಿಗೇ ಬಂದರು. ಆರನೇ ಸೆಮಿಸ್ಟರನ್ನು ಪೂರ್ತಿ ಪಾಸು ಮಾಡಿದರು. ಅದೊಂದು ಪೇಪರ್ ಮಾತ್ರ ಉಳಿಯಿತು. ಅದು ವರ್ಷಕ್ಕೊಮ್ಮೆ ಬರುವುದು. "ಡಿಸೆಂಬರಲ್ಲಿ ಅರ್ಜಿ ಕರೀತಾರೆ, ಆಗ ಬತ್ತೀನಿ ಬುಡು" ಅಂತ ಹೇಳಿ ಜೂನ್‌ನಲ್ಲಿ ಬಸ್ಸು ಹತ್ತಿದರು. ಬಸ್ಸು ತಿರುಗುವ ತನಕ ಕಿಟಕಿಯಿಂದ ಕೈ ಆಡಿಸುತ್ತಿದ್ದರು. ಅದೇ ಕೊನೆ.

ನಮ್ಮದು ಆ ಪಠ್ಯಕ್ರಮದ ಕೊನೆಯ ತಂಡ. ನಮ್ಮ ನಂತರ ಸೇರಿದವರಿಗೆ ಬೇರೆ ಪಾಠ, ಬೇರೆ ಪೇಪರು. ಈ ಸಲ ಪರೀಕ್ಷೆಗಳು ಬೇಗ ಬಂದಿವೆ, ಡಿಸೆಂಬರಿನಲ್ಲಿ ಕರೆಯುತ್ತಿದ್ದ ಅರ್ಜಿಯನ್ನು ಈಗಲೇ ಕರೆದಿದ್ದಾರೆ. ಮುಂದಿನ ವರ್ಷ ಆ ಪೇಪರ್ ಇಡುತ್ತಾರಾ ಅಂತ ಗುಮಾಸ್ತರನ್ನು ಕೇಳಿದೆ. "ಈ ಸಲ ಅಂತೂ ಇದೆ. ಮುಂದಿನದ್ದು ಕೇಳಬೇಡಮ್ಮ, ನನಗೂ ಗೊತ್ತಿಲ್ಲ" ಅಂದರು. ಆಮೇಲೆ ಕನ್ನಡಕ ತೆಗೆದು, "ಆ 'ನಾನೇ ಹುಡುಗಿ' ಅಂದವರದ್ದಾ? ಬೇಗ ಬರೋಕೆ ಹೇಳು" ಅಂದರು.

ಹೇಳುವುದು ಯಾರಿಗೆ? ಅವರ ಮನೆಗಿದ್ದ ಒಂದೇ ಫೋನು ಜುಲೈನಿಂದಲೇ ಸತ್ತಿದೆ. ಆಗಸ್ಟಿನ ಒಂದು ಭಾನುವಾರ ಬ್ಲಫ್‌ಗೆ ಹೋದೆ. ಮನೆಗೆ ಬೇರೆಯವರು ಬಂದಿದ್ದರು. ಪಕ್ಕದ ಮನೆಯ ಹೆಂಗಸು ಹೇಳಿದರು. "ಕಂಟ್ರಾಕ್ಟ್ರು ಬದ್ಲಾದ. ಓಸಬ ಅವ್ನ ಕಡೆ ಡ್ರೈವರ್‌ನೇ ತಂದ. ಆ ಸಿಮ್ಮೂ ಅಳೆ ಕಂಟ್ರಾಕ್ಟ್ರದ್ದೇ, ಕಿತ್ಕಂಡ. ಮೂರು ಜನಾನೂ ಪಾತ್ರೆ ಪಗಡ ಕಟ್ಕಂಡು ಮಂಡ್ಯದ್ ಕಡೀಕೆ ಓದ್ರು. ಆ ಅಜ್ಜಿ ಅತ್ತಿದ್ದು ನೋಡಕ್ಕಾಗ್ನಿಲ್ಲ. ನಿಮ್ ಅಕ್ಕ ಅಳ್ನಿಲ್ಲ. ಟೆಂಪೋಗೆ ಯಾವ್ ಸಾಮಾನು ಮೊದ್ಲು ಏರ್ಬೇಕು ಅಂತ ಡ್ರೈವರ್‌ಗೇ ಪಾಠ ಮಾಡ್ತಿದ್ಳು."

ಗೌರಿ ಹಬ್ಬ ಕಳೆದ ಮೇಲೆ ಅವರ ತವರಿಗೆ ಹೋದೆ. ಮದ್ದೂರಿನಲ್ಲಿ ಇಳಿದು ಶಿವಪುರದ ಕಡೆ ಆಟೋದಲ್ಲಿ. ಕಾಲೇಜಿನ ವಿಷಯ ಬಾಯಿ ಬಿಡುವ ಹಾಗಿಲ್ಲ, ಅದು ನನ್ನ ತಲೆಯಲ್ಲಿತ್ತು. ಬಾಗಿಲಿಗೆ ಬಂದವರು ಅಕ್ಕನ ಅತ್ತಿಗೆ, ಅಣ್ಣನ ಹೆಂಡತಿ. ಅಕ್ಕನನ್ನು ಟೈಲರಿಂಗ್ ಕಲಿಯುವಾಗಿನಿಂದ ಗೊತ್ತು ಅಂದೆ.

"ಯಾವ್ ಟೈಲರಿಂಗು? ಬಿಬಿಎ ಟೈಲರಿಂಗಾ?"

ಅವರು ನಗುತ್ತ ಒಳಗೆ ಕರೆದು ಕೂರಿಸಿ ಮಜ್ಜಿಗೆ ಕೊಟ್ಟರು. "ಮೊದ್ಲ್ ವರ್ಸಾನೇ ಗೊತ್ತು. ನಮ್ಮೂರೋರೊಬ್ರು ಬಸ್ಸಲ್ಲಿ ನೋಡವ್ರೆ, ಕತ್ತಿಗೆ ಕಾಲೇಜ್ ಬಿಲ್ಲೆ ನೇತಾಕ್ಕಂಡಿದ್ಳಂತೆ. ಅವ್ಳು ಏಳ್ನಿಲ್ಲ, ನಾವ್ ಕೇಳ್ನಿಲ್ಲ. ಪಾಸಾದ್ ದಿನ ಅವ್ಳೇ ಬಂದು ಏಳ್ಲಿ ಅಂತ ಇದ್ದೀವಿ. ಅವ್ರಣ್ಣ ಅಂತೂ ಆವತ್ಗೆ ಕೊಡಕ್ಕೆ ಅಂತ ಸೀರೆ ತಂದಿಟ್ಟವ್ರೆ. ಬೀರೂಲಿ ಅದೆ, ನೋಡ್ತೀಯಾ?"

ನೋಡಿದೆ. ನೀಲಿ ಬಣ್ಣದ ಸೀರೆ. ನುಸಿ ಹಿಡಿಯದಿರಲಿ ಅಂತ ಮಡಿಕೆಯ ನಡುವೆ ಕರ್ಪೂರದ ಗುಳಿಗೆ ಇಟ್ಟಿದ್ದರು.

ಅಕ್ಕ ಗೌರಿ ಹಬ್ಬಕ್ಕೆ ಬಂದಿರಲಿಲ್ಲ. ಯಾವುದೋ ನಂಬರಿನಿಂದ ಫೋನು ಮಾಡಿ, ಮಂಡ್ಯದಲ್ಲಿ ಹೆಣ್ಣುಮಕ್ಕಳ ಪಿ.ಜಿ.ಯೊಂದರ ಅಡುಗೆ ನೋಡಿಕೊಳ್ಳುತ್ತಿದ್ದೇನೆ, ಒಂದು ಕಡೆ ನೆಲೆ ನಿಂತ ಮೇಲೆ ನಂಬರ್ ಕೊಡುತ್ತೇನೆ ಅಂದರಂತೆ. ಮತ್ತೆ ಮಾಡಿಲ್ಲ. ಮಾಡಿದರೆ ಅರ್ಜಿಯ ವಿಷಯ ಹೇಳುತ್ತೇನೆ ಅಂತ ಅತ್ತಿಗೆ ಒಪ್ಪಿಕೊಂಡರು. "ಆದ್ರೆ ನಮ್ಗೆ ಗೊತ್ತು ಅಂತ ಗೊತ್ತಾಗೋಯ್ತದಲ್ಲ" ಅಂತ ಆ ಗಡಿಬಿಡಿಯಲ್ಲೂ ಅವರಿಗೆ ಅದೇ ಚಿಂತೆ.

ಮಂಡ್ಯದಲ್ಲಿ ಶೋರೂಮಿನ ಊಟದ ಬಿಡುವಿನಲ್ಲಿ ಪಿ.ಜಿ.ಗಳನ್ನು ಒಂದೊಂದಾಗಿ ಹುಡುಕಿದೆ. ಐದನೆಯದರಲ್ಲಿ ಅಡುಗೆಯವರ ಬಗ್ಗೆ ಕೇಳುವ ಅಗತ್ಯವೇ ಬೀಳಲಿಲ್ಲ. ಅಡುಗೆ ಮನೆಯ ಗೋಡೆಯಲ್ಲಿ ಒಂದು ನಕ್ಷೆ ಅಂಟಿಸಿತ್ತು. ಪಾತ್ರೆ ತೊಳೆಯುವವರ, ಚಪಾತಿ ಲಟ್ಟಿಸುವವರ ಹೆಸರು ಮೇಲೆ ದೊಡ್ಡ ಚೌಕಗಳಲ್ಲಿ. ಎಲ್ಲಕ್ಕಿಂತ ಕೆಳಗೆ ಸಣ್ಣ ಚೌಕದಲ್ಲಿ 'ಓನರು' ಅಂತ ಬರೆದಿತ್ತು. ಅದೇ ಬರಹ.

"ಅದನ್ನ ಕೀಳೋಣ ಅಂದ್ರೆ ಈ ಹೆಂಗಸರು ಬಿಡ್ತಿಲ್ಲ" ಅಂದರು ಆ ಸಣ್ಣ ಚೌಕದ ಓನರು. ಅಕ್ಕ ಅಲ್ಲಿಂದ ಹೋಗಿ ಆಗಲೇ ಎರಡು ವಾರವಾಗಿತ್ತು. "ಗಂಡನಿಗೆ ಎಲ್ಲೋ ಡ್ರೈವರ್ ಕೆಲಸ ಸಿಕ್ತು ಅಂತ ಹೋದ್ರು. ಬಸರಾಳು ಕಡೆ ಅಂದ ಹಾಗಿತ್ತು. ಇನ್ನೆಲ್ಲೋ ಇರಬಹುದು. ಆವಮ್ಮನ ಮಾತು ಸಿಕ್ಕಾಪಟ್ಟೆ ಸ್ಪೀಡು."

"ಪರೀಕ್ಷೆ ಬಗ್ಗೆ ಏನಾದ್ರೂ ಹೇಳಿದ್ರಾ?"

"ಕೆಲಸಕ್ಕೆ ಸೇರುವಾಗಲೇ ಹೇಳಿದ್ರಲ್ಲ. ಸಂಬಳ ಮಾತಾಡೋಕೆ ಮುಂಚೆ ಅದನ್ನ ಮಾತಾಡಿದ್ರು. 'ಡಿಸೆಂಬರ್‌ನಲ್ಲಿ ಒಂದಿನ ಅರ್ಜಿಗೆ, ಆಮೇಲೆ ಒಂದಿನ ಪರೀಕ್ಷೆಗೆ, ಎರಡು ದಿನ ರಜ ಕೊಡಬೇಕು. ಪರೀಕ್ಷೆ ಹಿಂದಿನ ದಿನಾನೇ ಹೋಗಿ ಮಳವಳ್ಳೀಲಿ ಉಳ್ಕೊತೀನಿ' ಅಂತ."

ಅಲ್ಲಿಂದ ಹೊರಗೆ ಬಂದು ಶೋರೂಮಿನ ತನಕ ಓಡಿದೆ. ಯಾಕೆ ಓಡಿದೆ ಅಂತ ಗೊತ್ತಿಲ್ಲ, ತಡವೇನೂ ಆಗಿರಲಿಲ್ಲ. ಬೇಸರವಾಗಿ ಓದು ಬಿಟ್ಟರೇನೋ ಎಂಬ ಅನುಮಾನ ನನಗಿತ್ತು. ಹಾಗಿದ್ದರೆ ನಾನು ಹುಡುಕುವುದು ಬಿಡಬಹುದಿತ್ತು. ಅವರು ಬಿಟ್ಟಿಲ್ಲ. ಎಲ್ಲೋ ಒಂದು ಕಡೆ ಕಾಲು ಅಲ್ಲಾಡಿಸುತ್ತ, ಡಿಸೆಂಬರಿಗೆ ಸರಿಯಾಗಿ ಹೋದರಾಯಿತು ಅಂತ ಲೆಕ್ಕ ಹಾಕಿಕೊಂಡು ಕೂತಿದ್ದಾರೆ. ಅವರ ಲೆಕ್ಕದಲ್ಲಿ ತಪ್ಪಿಲ್ಲ, ಅದು ಹೋದ ವರ್ಷದ್ದು ಅಷ್ಟೆ.

ಹೋದ ಭಾನುವಾರ ಬಸರಾಳಿಗೂ ಹೋಗಿದ್ದೆ. ಹಾಲಿನ ಡೇರಿಯಲ್ಲಿ, ಬಸ್ ನಿಲ್ಲುವ ಕಡೆ, ದೇವಸ್ಥಾನದ ಹತ್ತಿರ ವಿಚಾರಿಸಿದೆ. ಹೊಸದಾಗಿ ಬಂದ ಡ್ರೈವರ್ ಕುಟುಂಬ ಯಾರಿಗೂ ಗೊತ್ತಿರಲಿಲ್ಲ.

ಈಗ ಹತ್ತೂವರೆ. ಹೊರಗೆ ಬೆಟ್ಟದ ಬಸ್ಸುಗಳು ಇನ್ನೂ ಹೋಗುತ್ತಲೇ ಇವೆ. ನಾಳೆ ಬೆಳಿಗ್ಗೆ ಅಷ್ಟೂ ಜನ ತಿರುಗಿ ಬರುತ್ತಾರೆ. ಅಕ್ಕ ಮರೆತಿದ್ದ ಆ ಲೆಕ್ಕವನ್ನೇ ನಂಬಿಕೊಂಡು ಇದನ್ನು ಈ ಪತ್ರಿಕೆಗೆ ಕಳಿಸುತ್ತಿದ್ದೇನೆ.

ಓದುವವರಲ್ಲಿ ಯಾರಾದರೂ ಅವರನ್ನು ಕಂಡಿರಬಹುದು. ವಯಸ್ಸು ಮೂವತ್ತಾರರ ಆಸುಪಾಸು. ಸೆರಗು ಸೊಂಟಕ್ಕೆ ಎರಡು ಸುತ್ತು. ಜೊತೆಗೆ ಡ್ರೈವರ್ ಗಂಡ, ಸುಮ್ಮನೆ ಕೂರದ ಅತ್ತೆ. ನಿಮ್ಮ ಬೀದಿಗೆ, ವಠಾರಕ್ಕೆ ಹೊಸದಾಗಿ ಬಂದವರ ಅಡುಗೆ ಮನೆಯಲ್ಲಿ ಹಾಗೊಂದು ನಕ್ಷೆ ಕಂಡರೆ, ಕೆಲಸ ಮಾಡುವವರು ಮೇಲೆ, ಯಜಮಾನರು ಕೆಳಗೆ ಸಣ್ಣ ಚೌಕದಲ್ಲಿ ಇದ್ದರೆ, ಅದು ಅವರೇ. ಅವರಿಗೆ ಹೇಳಿ: ಅರ್ಜಿ ಡಿಸೆಂಬರಿನಲ್ಲಲ್ಲ, ಈ ತಿಂಗಳ ಮೂವತ್ತಕ್ಕೆ ಮುಗಿಯುತ್ತದೆ. ಕಿಟಕಿಯ ಗುಮಾಸ್ತರು ಅದೇ ಗುಮಾಸ್ತರು, ಈ ಸಲ ಹುಡುಗಿ ಎಲ್ಲಿ ಅಂತ ಕೇಳುವುದಿಲ್ಲ. ಪರೀಕ್ಷೆಯ ಹಿಂದಿನ ದಿನ ಉಳಿಯಲು ನಮ್ಮ ಮನೆಯಿದೆ, ಬಸ್ ನಿಲ್ದಾಣದ ಹಿಂದೆಯೇ. ತವರಿನ ಬೀರುವಿನಲ್ಲಿರುವುದನ್ನು ಮಾತ್ರ ಹೇಳಬೇಡಿ. ಈ ಪುಟವನ್ನೂ ಅವರ ಕೈಗೆ ಕೊಡಬೇಡಿ.

ಆಮೇಲೆ ಅವರಿರುವ ಊರು ಯಾವುದೆಂದು ಈ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ಹೆಸರು ಗೊತ್ತಿದ್ದರೂ ಬರೆಯಬೇಡಿ. ಅದನ್ನು ಮೊದಲ ಸಲ ಬರೆಯುವವಳು ನಾನು, ಮುಂದೆ ಮೂರು ಅಕ್ಷರ ಸೇರಿಸಿ.